ಯುದ್ಧದ ವರ್ಷ ಹೈಸ್ಕೂಲು ಮುಗಿಸಿದವರು ಇಲ್ಲಿ ಯಾರಾದರೂ ಇದ್ದೀರಾ?

ಕಾಪು ದೀಪಸ್ತಂಭ
ನನ್ನ ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿದಳು. ಬೀಳ್ಕೊಡುಗೆಯ ದಿನ ನನ್ನ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದಳು. ಸಂಜೆ ಗ್ರೂಪ್ ಫೋಟೋ ತೋರಿಸುತ್ತಾ, "ಅಮ್ಮಾ, ನಿನ್ನ ಹತ್ತನೆಯ ತರಗತಿಯ ಫೋಟೋ ಎಲ್ಲಿದೆ?" ಎಂದು ಕೇಳಿದಳು. ಇಲ್ಲ ಎಂದೆ. ಏಕೆ ಇಲ್ಲ ಎಂದು ಹೇಳಲು ಹೊರಟವಳು ರಾತ್ರಿ ಹನ್ನೊಂದರವರೆಗೆ ಮಾತನಾಡಿದೆ. ಇಷ್ಟು ವರ್ಷ ಈ ಕಥೆಯನ್ನು ಯಾರಿಗೂ ಪೂರ್ತಿ ಹೇಳಿರಲಿಲ್ಲ.

ನಾನು ಓದಿದ್ದು ಕುವೈತ್‌ನ ಒಂದು ಭಾರತೀಯ ಶಾಲೆಯಲ್ಲಿ. ಅಪ್ಪ ಹವಲ್ಲಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 1990ರ ಏಪ್ರಿಲ್‌ನಲ್ಲಿ ಹತ್ತನೆಯ ತರಗತಿ ಶುರುವಾಯಿತು. ಜೂನ್ ಕೊನೆಗೆ ರಜೆ ಸಿಕ್ಕಿತು. ಅಮ್ಮ, ತಮ್ಮ, ನಾನು ಕಾಪುವಿಗೆ ಬಂದೆವು. ಅಪ್ಪನಿಗೆ ರಜೆ ಸಿಗಲಿಲ್ಲ. ಆಗಸ್ಟ್ 2ರ ಗುರುವಾರ ಬೆಳಗಿನ ಜಾವ ಇರಾಕಿನ ಸೇನೆ ಕುವೈತ್‌ಗೆ ನುಗ್ಗಿತು. ನಾವು ಹಿಂತಿರುಗಬೇಕಿದ್ದ ಟಿಕೆಟ್ ಆಗಸ್ಟ್ 29ರದ್ದು. ಅದು ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಪುಸ್ತಕ, ಸಮವಸ್ತ್ರ, ಗೆಳತಿಯರು ಬರೆದ ಆಟೋಗ್ರಾಫ್, ಒಂಬತ್ತನೆಯ ತರಗತಿಯ ಫೋಟೋ ಎಲ್ಲವೂ ಅಲ್ಲೇ ಉಳಿದವು.

ಸೆಪ್ಟೆಂಬರ್‌ನಲ್ಲಿ ಸೋದರಮಾವ ನನ್ನನ್ನು ಉಡುಪಿಯ ಒಂದು ಹೈಸ್ಕೂಲಿಗೆ ಕರೆದುಕೊಂಡು ಹೋದರು. ಮೊದಲ ಪ್ರಶ್ನೆಯೇ "ಟಿ.ಸಿ. ಎಲ್ಲಿ?" ಅಷ್ಟರಲ್ಲಿ ಇರಾಕ್ ಕುವೈತನ್ನು ತನ್ನ 19ನೆಯ ಪ್ರಾಂತ್ಯ ಎಂದು ಸಾರಿಯಾಗಿತ್ತು. ಟಿ.ಸಿ. ಯಾರಿಂದ ತರುವುದು? ಕೊನೆಗೆ ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಸೇರಿದೆ. ಮಾರ್ಚ್‌ನಲ್ಲಿ ಪರೀಕ್ಷೆ ಬರೆದೆ, ದ್ವಿತೀಯ ದರ್ಜೆ ಬಂತು. ಆ ಶಾಲೆಯ ಗ್ರೂಪ್ ಫೋಟೋದಲ್ಲಿಯೂ ನಾನಿಲ್ಲ. ತೆಗೆಸಿಕೊಳ್ಳಲು ಹೋಗಲಿಲ್ಲ, ಅದು ನನ್ನ ತರಗತಿ ಎಂದು ಅನ್ನಿಸಿರಲಿಲ್ಲ.

ಇಲ್ಲಿ ಆ ವರ್ಷದವರು ಯಾರಾದರೂ ಇದ್ದೀರಾ? ಬೇರೆ ಯುದ್ಧಗಳ ಕಾಲದಲ್ಲಿ ಹೈಸ್ಕೂಲು ಮುಗಿಸಿದವರೂ ಬರೆಯಿರಿ. ನನಗೆ ಬೇಕಿರುವುದು ದಾಖಲೆ ಅಲ್ಲ. ಆ ವರ್ಷ ಮಕ್ಕಳು ಹೇಗೆ ಓದಿದರು, ಹೇಗೆ ಮುಗಿಸಿದರು ಎಂದು ಕೇಳಬೇಕಾಗಿದೆ.

ಹೆಜಮಾಡಿ
ಅಕ್ಕಾ, ನಮ್ಮ ಊರಿನಲ್ಲಿಯೂ ಆ ವರ್ಷ ಐದಾರು ಮನೆಗಳಲ್ಲಿ ಇದೇ ಪರಿಸ್ಥಿತಿ. ನಾನಾಗ ಮೂರನೆಯ ತರಗತಿ. "ಕುವೈತ್‌ನವರ ಮಕ್ಕಳು" ಎಂದು ಕರೆಯುತ್ತಿದ್ದುದು ನೆನಪಿದೆ.

ನಿವೃತ್ತ ಮೇಷ್ಟರು
ತಂಗೀ, ನಾನು ಆಗ ದಕ್ಷಿಣ ಕನ್ನಡದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ (ಆಗ ಉಡುಪಿ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ). ನನ್ನ ತರಗತಿಗೆ ಆ ವರ್ಷ ಮೂವರು ಮಕ್ಕಳು ಕುವೈತ್‌ನಿಂದ ಬಂದರು. ಮೂವರೂ ಬುದ್ಧಿವಂತರೇ. ಆದರೆ ಅವರು ಓದಿದ್ದು ಕೇಂದ್ರೀಯ ಪಠ್ಯ, ನಮ್ಮದು ರಾಜ್ಯದ ಪಠ್ಯ. ಇತಿಹಾಸದಲ್ಲಿ ಪಾಠಗಳೇ ಬೇರೆ. ಗಣಿತದಲ್ಲಿ ಅವರು ಮುಗಿಸಿದ್ದನ್ನು ನಾವು ಇನ್ನೂ ಶುರು ಮಾಡಿರಲಿಲ್ಲ, ನಾವು ಮುಗಿಸಿದ್ದನ್ನು ಅವರು ನೋಡಿಯೇ ಇರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕನ್ನಡ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಅಕ್ಷರ ಗೊತ್ತಿತ್ತು, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದರು. ನಮ್ಮ ಕನ್ನಡ ಪಂಡಿತರು ಸಂಜೆ ಐದರಿಂದ ಆರರವರೆಗೆ ಆ ಮೂವರನ್ನು ಕೂರಿಸಿಕೊಂಡು ಕಾಗುಣಿತದಿಂದ ತಿದ್ದಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಅವರ ಈ ಕೆಲಸ ಎಲ್ಲಿಯೂ ದಾಖಲಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಅವರಲ್ಲೊಬ್ಬ ಹುಡುಗ ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದ. ಒಂದು ದಿನ ಎಬ್ಬಿಸಿ ನಿಲ್ಲಿಸಿ ಗದರಿದೆ. ಅವನ ತಂದೆಯ ಸುದ್ದಿಯೇ ಇಲ್ಲದೆ ಐದು ವಾರವಾಗಿತ್ತು ಎಂದು ಆಮೇಲೆ ತಿಳಿಯಿತು.

ನೇರ ನುಡಿ
ಬೇಸರ ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು. ನೀವು ಊರಿನಲ್ಲಿದ್ದಿರಿ. ತಲೆಯ ಮೇಲೆ ಬಾಂಬು ಬೀಳಲಿಲ್ಲ, ಊಟಕ್ಕೆ ಕೊರತೆಯಾಗಲಿಲ್ಲ. ಇದನ್ನು ಯುದ್ಧದ ಕಾಲದ ಶಾಲೆ ಎನ್ನಬಹುದೇ? ಶಾಲೆ ಬದಲಾಯಿಸುವ ಕಷ್ಟ ವರ್ಗಾವಣೆಯಾಗುವ ಪ್ರತಿ ಸರ್ಕಾರಿ ನೌಕರನ ಮಕ್ಕಳಿಗೂ ಇರುತ್ತದೆ.

ಹೆಜಮಾಡಿ
ವರ್ಗಾವಣೆಯಾದ ಅಪ್ಪ ಬದುಕಿದ್ದಾನೆಯೇ ಎಂದು ಮಕ್ಕಳು ರೇಡಿಯೊ ಹಿಡಿದು ಕೂರುವುದಿಲ್ಲ.

ಕಾಪು ದೀಪಸ್ತಂಭ
@ನೇರ ನುಡಿ, ಕೇಳಿದ್ದು ಒಳ್ಳೆಯದೇ ಆಯಿತು. ಈ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ನನಗೇನೂ ಆಗಿಲ್ಲವಲ್ಲ, ಹೇಳಿಕೊಳ್ಳುವುದೇನಿದೆ ಎಂದು.

ಕುವೈತ್‌ಗೆ ದೂರವಾಣಿ ಸಂಪರ್ಕ ಕಡಿದುಹೋಗಿತ್ತು. ಅಮ್ಮ ದಿನಾ ಸಂಜೆ ಪೇಟೆಗೆ ಹೋಗಿ ಎಸ್‌ಟಿಡಿ ಬೂತ್‌ನಲ್ಲಿ ಕುಳಿತು ಮುಂಬಯಿಯ ಚಿಕ್ಕಪ್ಪನಿಗೆ ಕರೆ ಮಾಡುತ್ತಿದ್ದರು. ವಿಮಾನದಲ್ಲಿ ಬಂದಿಳಿದವರ ಬಳಿ ಅವರು ವಿಚಾರಿಸಿರುತ್ತಿದ್ದರು. 58 ದಿನ ಅಪ್ಪನ ಸುದ್ದಿ ಇರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಜೋರ್ಡನ್‌ನಿಂದ ಬಂದವರೊಬ್ಬರು, ಗಡಿಯ ಶಿಬಿರದಲ್ಲಿ ನೋಡಿದೆ ಎಂದು ಹೇಳಿದರು. ಅಕ್ಟೋಬರ್ ಮೊದಲ ವಾರ ಅಪ್ಪ ಬಂದರು. ಅಂಗಿ ಮೈಮೇಲೆ ನೇತಾಡುತ್ತಿತ್ತು.

ಕೈಯಲ್ಲಿ ಒಂದೇ ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಪಾಸ್‌ಪೋರ್ಟ್, ಮತ್ತು ನನ್ನ ಹತ್ತನೆಯ ತರಗತಿಯ ವಿಜ್ಞಾನ ಮತ್ತು ಗಣಿತದ ಪುಸ್ತಕಗಳು. "ಮಾರ್ಚ್‌ನಲ್ಲಿ ಪರೀಕ್ಷೆ ಇದೆಯಲ್ಲ ಮಗಳೇ, ಅದಕ್ಕೆ ತಂದೆ" ಎಂದರು. ಬಸ್ರಾ, ಬಾಗ್ದಾದ್, ಮರುಭೂಮಿ, ಅಮ್ಮಾನ್, ಮುಂಬಯಿ, ಅಷ್ಟು ದೂರ ಹೊತ್ತು ತಂದಿದ್ದರು. ನಾನು ಆಗಲೇ ರಾಜ್ಯದ ಪಠ್ಯಕ್ಕೆ ಸೇರಿದ್ದೆ. ಆ ಪುಸ್ತಕಗಳು ನನಗೆ ಬೇಕಾಗಿರಲಿಲ್ಲ. ಅದನ್ನು ಅಪ್ಪನಿಗೆ ಹೇಳಲಿಲ್ಲ. ಅವರು ಪಡಸಾಲೆಗೆ ಬಂದಾಗಲೆಲ್ಲ ಆ ಗಣಿತದ ಪುಸ್ತಕವನ್ನು ತೆರೆದಿಟ್ಟುಕೊಂಡು ಕೂರುತ್ತಿದ್ದೆ.

ಇದು ಯುದ್ಧವೋ ಅಲ್ಲವೋ, ನೀವೇ ಹೇಳಿ.

ನೇರ ನುಡಿ
ಯುದ್ಧವೇ. ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಕ್ಷಮಿಸಿ.

ಅಮ್ಮಾನ್ ದಾರಿ
ಮೇಡಂ, ನಾನು ಒಳಗೇ ಇದ್ದವನು. ಹನ್ನೆರಡನೆಯ ತರಗತಿ, ಫಹಾಹೀಲ್‌ನಲ್ಲಿ ಮನೆ. ಆ ವರ್ಷ ನಾವು ರಜೆಗೆ ಊರಿಗೆ ಬರಲಿಲ್ಲ, ಅಕ್ಕನ ಮದುವೆಗೆ ಹಣ ಕೂಡಿಸುತ್ತಿದ್ದೆವು.

ಮೊದಲ ವಾರ ಬೇಕರಿಯ ಮುಂದೆ ಬೆಳಗಿನ ನಾಲ್ಕಕ್ಕೆ ಸಾಲು. ಒಬ್ಬರಿಗೆ ಇಷ್ಟೇ ಕುಬ್ಬೂಸ್ (ಅಲ್ಲಿನ ರೊಟ್ಟಿ) ಎಂದು ಲೆಕ್ಕ. ಓದುತ್ತಿದ್ದೆನೇ ಎಂದರೆ, ಹೌದು, ಓದುತ್ತಿದ್ದೆ. ಬೇರೆ ಮಾಡಲು ಏನೂ ಇರಲಿಲ್ಲ. ಹೊರಗೆ ಹೋಗುವಂತಿರಲಿಲ್ಲ. ಪಕ್ಕದ ಮನೆಯ ಕೇರಳದ ಮಾಸ್ಟರ್ ನಾಲ್ಕು ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟರು. ಬೆಳಕಿನ ಪಾಠ ನಡೆಯುವಾಗ ಕಿಟಕಿಗೆ ಕಂಬಳಿ ಹೊದಿಸಿತ್ತು.

ಸೆಪ್ಟೆಂಬರ್ ಮಧ್ಯದಲ್ಲಿ ಬಸ್ ಹಿಡಿದೆವು. ಬಾಗ್ದಾದ್ ದಾಟಿ ಜೋರ್ಡನ್ ಗಡಿಯವರೆಗೆ ಬಂದು ಡೇರೆಯಲ್ಲಿ ಒಂಬತ್ತು ದಿನ ಕಳೆದೆವು. ಹಗಲು ಸುಡುವ ಮರಳು, ರಾತ್ರಿ ಹಲ್ಲು ಕಡಿಯುವ ಚಳಿ. ನೀರಿನ ಟ್ಯಾಂಕರ್ ಬಂದರೆ ಓಟ. ಅಲ್ಲಿಂದ ಅಮ್ಮಾನ್, ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿ, ಅಲ್ಲಿಂದ ಮಂಗಳೂರಿಗೆ ಬಸ್. ಕೊಂಕಣ ರೈಲು ಇನ್ನೂ ಇರಲಿಲ್ಲ.

ಯಾವ ಕಾಲೇಜೂ ನಡುವರ್ಷದಲ್ಲಿ ದ್ವಿತೀಯ ಪಿಯುಸಿಗೆ ಸೇರಿಸಿಕೊಳ್ಳಲಿಲ್ಲ. ಒಂದು ಕಡೆ ಪ್ರಾಂಶುಪಾಲರು ಮರುಗಿದರು, ಗುಮಾಸ್ತರು ಒಪ್ಪಲಿಲ್ಲ. ಇನ್ನೊಂದು ಕಡೆ ಗುಮಾಸ್ತರು ಒಪ್ಪಿದರು, ಪ್ರಾಂಶುಪಾಲರು ಫೈಲನ್ನೇ ತೆರೆಯಲಿಲ್ಲ. ವರ್ಷ ಹೋಯಿತು. ಮುಂದಿನ ಜೂನ್‌ನಲ್ಲಿ ನನಗಿಂತ ಚಿಕ್ಕವರ ಜೊತೆ ಪ್ರಥಮ ಪಿಯುಸಿಯಿಂದ ಶುರು ಮಾಡಿದೆ. ಲೆಕ್ಕ ಹಾಕಿ, ಎರಡು ವರ್ಷ ಹೋಯಿತು.

ಅಪ್ಪ ಸೊಂಟಕ್ಕೆ ಕಟ್ಟಿಕೊಂಡು ತಂದ ಕುವೈತಿ ದಿನಾರುಗಳನ್ನು ಯಾವ ಬ್ಯಾಂಕೂ ಮುಟ್ಟಲಿಲ್ಲ. ಆಗಸ್ಟ್ 1ರವರೆಗೆ ಆ ಹಣವೇ ನಮ್ಮ ಅಕ್ಕನ ಮದುವೆಯ ಖರ್ಚಾಗಿತ್ತು.

ಪಡುಬಿದ್ರಿ ಪೇಟೆ
ದಿನಾರ್ ವಿಷಯ ಬಂತು ಎಂದು ಕೇಳುತ್ತಿದ್ದೇನೆ: ಆ ಹಳೆಯ ನೋಟುಗಳು ನಮ್ಮ ಮನೆಯಲ್ಲಿ ಇನ್ನೂ ನಾಲ್ಕಿವೆ. ಏನಾದರೂ ಬೆಲೆ ಇದೆಯೇ?

ಅಂಕಿ ಅಂಶ
ಸಂಗ್ರಹಕಾರರಿಗೆ ಮಾತ್ರ. ಬಿಡುಗಡೆಯ ನಂತರ, 1991ರ ಮಾರ್ಚ್‌ನಲ್ಲಿ ಕುವೈತ್ ಹೊಸ ನೋಟುಗಳನ್ನು ತಂದು ಹಳೆಯವನ್ನು ಹಿಂತೆಗೆದುಕೊಂಡಿತು.

ಹೆಜಮಾಡಿ
ಏರ್ ಇಂಡಿಯಾ ಆಗ ಅಮ್ಮಾನ್‌ನಿಂದ 1.7 ಲಕ್ಷ ಜನರನ್ನು ಕರೆತಂದಿತು. ಜಗತ್ತಿನ ದಾಖಲೆ. ಇಂದಿನ ಮಕ್ಕಳಿಗೆ ಇದು ಗೊತ್ತೇ ಇಲ್ಲ.

ಅಂಕಿ ಅಂಶ
ಒಂದು ತಿದ್ದುಪಡಿ. 1.7 ಲಕ್ಷ ಎಂಬುದು ಎಲ್ಲ ದಾರಿಗಳೂ ಸೇರಿ ಹೇಳುವ ಒಟ್ಟು ಸಂಖ್ಯೆ. ಏರ್ ಇಂಡಿಯಾ 1990ರ ಆಗಸ್ಟ್ 13ರಿಂದ ಅಕ್ಟೋಬರ್ 11ರವರೆಗೆ 488 ಹಾರಾಟಗಳಲ್ಲಿ ತಂದದ್ದು 1.11 ಲಕ್ಷಕ್ಕೂ ಹೆಚ್ಚು ಜನರನ್ನು. ದಾಖಲೆ ಎಂಬುದು ನಿಜ.

ಕೊಡಗಿನ ಮಳೆ
ನನ್ನದು 1971. ತಂದೆ ಸೇನೆಯಲ್ಲಿದ್ದರು. ನಾವು ಪಠಾಣ್‌ಕೋಟ್‌ನಲ್ಲಿ, ನಾನು ಕೇಂದ್ರೀಯ ವಿದ್ಯಾಲಯದಲ್ಲಿ ಹನ್ನೊಂದನೆಯ ತರಗತಿ. ಆಗ ಅಲ್ಲಿ ಹನ್ನೊಂದೇ ಕೊನೆ, ಹನ್ನೆರಡು ಇರಲಿಲ್ಲ. ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ವಾಯುನೆಲೆಯ ಮೇಲೆ ದಾಳಿ ಮಾಡಿದಾಗ ನಾನು ರಸಾಯನಶಾಸ್ತ್ರದ ಪ್ರಯೋಗದ ಪುಸ್ತಕ ಬರೆಯುತ್ತಿದ್ದೆ. ಕಿಟಕಿ ಗಾಜುಗಳಿಗೆಲ್ಲ ಕಂದು ಕಾಗದ ಅಂಟಿಸಿತ್ತು. ಶಾಲೆಯ ಆಟದ ಬಯಲಿನಲ್ಲಿ ಕಂದಕ ತೋಡುವ ಕೆಲಸಕ್ಕೆ ದೊಡ್ಡ ಹುಡುಗರೇ ಇಳಿದಿದ್ದರು. ಸೈರನ್ ಕೂಗಿದರೆ ಅಮ್ಮ ತಂಗಿಯನ್ನು ಎತ್ತಿಕೊಂಡು ಓಡುತ್ತಿದ್ದರು, ನಾನು ಪುಸ್ತಕದ ಚೀಲ ಹಿಡಿದು ಓಡುತ್ತಿದ್ದೆ.

ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯಾಯಿತು. ಶಾಲೆ ಮತ್ತೆ ತೆರೆದಾಗ ನಮ್ಮ ತರಗತಿಯ ಒಬ್ಬ ಹುಡುಗ ಬರಲಿಲ್ಲ. ಅವನ ತಂದೆ ತೀರಿಕೊಂಡಿದ್ದರು, ಕುಟುಂಬ ಊರಿಗೆ ಹೋಗಿತ್ತು. ಹಾಜರಿ ಕೂಗುವಾಗ ಟೀಚರ್ ಅವನ ಹೆಸರಿಗೆ ಬಂದು ನಿಂತರು, ಆಮೇಲೆ ಮುಂದಕ್ಕೆ ಹೋದರು. ಬೀಳ್ಕೊಡುಗೆ ಸಮಾರಂಭ ನಡೆಯಿತು, ಸಮೋಸ ಕೊಟ್ಟರು, ಫೋಟೋ ತೆಗೆದರು. ಆ ಫೋಟೋ ನನ್ನ ಬಳಿ ಇದೆ. ಫೋಟೋ ಇದ್ದರೂ ಎಲ್ಲರೂ ಇರುವುದಿಲ್ಲ, ದೀಪಸ್ತಂಭ ಅವರೇ.

2021ರ ಬ್ಯಾಚ್
ಇಂಥ ವರ್ಷಗಳಲ್ಲಿ ಪರೀಕ್ಷೆಯನ್ನೇಕೆ ಇಡಬೇಕು? ಕೋವಿಡ್ ಕಾಲದಲ್ಲಿ ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ರದ್ದು ಮಾಡಿ ಎಲ್ಲರನ್ನೂ ಪಾಸು ಮಾಡಿದರು. ಅಪ್ಪ ಎಲ್ಲಿದ್ದಾನೆಂದು ತಿಳಿಯದ ಹುಡುಗಿಗೆ ತ್ರಿಕೋನಮಿತಿಯ ಪ್ರಶ್ನೆ ಕೇಳುವುದು ಕ್ರೌರ್ಯ ಅಲ್ಲವೇ?

ನಿವೃತ್ತ ಮೇಷ್ಟರು
ಆ 2021ರಲ್ಲಿಯೂ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು, ಜುಲೈ 19 ಮತ್ತು 22ರಂದು, ಬಹು ಆಯ್ಕೆಯ ಪ್ರಶ್ನೆಗಳಲ್ಲಿ. ನಾನು ಪರೀಕ್ಷೆಯ ಪರ. ಪಾಸು ಮಾಡಿಬಿಟ್ಟರೆ ಮಗುವಿಗೆ ಏನು ಸಿಗುತ್ತದೆ? "ನಿನ್ನ ವರ್ಷ ಲೆಕ್ಕಕ್ಕಿಲ್ಲ" ಎಂದು ಹೇಳಿದ ಹಾಗೆ. ಓದುವುದಕ್ಕೆ ಒಂದು ಗುರಿ ಇದ್ದುದರಿಂದಲೇ ನನ್ನ ಆ ಮೂವರು ಮಕ್ಕಳು ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು ಬರುತ್ತಿದ್ದರು.

2021ರ ಬ್ಯಾಚ್
ಸರ್, ನಮ್ಮನ್ನು ಇಂದಿಗೂ "ಕೋವಿಡ್ ಪಾಸು" ಎನ್ನುತ್ತಾರೆ. ಆ ನೋವು ನನಗೆ ಗೊತ್ತು. ಆದರೂ, ಓದಲಾಗದ ಮಗುವಿನ ಅಂಕಪಟ್ಟಿಯಲ್ಲಿ ಯುದ್ಧ ಎಂದು ಎಲ್ಲಿಯೂ ಬರೆದಿರುವುದಿಲ್ಲ. ದ್ವಿತೀಯ ದರ್ಜೆ ಎಂದಷ್ಟೇ ಇರುತ್ತದೆ. ಮುಂದೆ ಕೆಲಸ ಕೊಡುವವನು ಅದನ್ನು ಮಾತ್ರ ಓದುತ್ತಾನೆ.

ಕಾಪು ದೀಪಸ್ತಂಭ
ಈ ಹುಡುಗ ಹೇಳಿದ್ದು ನನ್ನ ಎದೆಗೆ ತಾಗಿತು. ಬ್ಯಾಂಕಿನ ಸಂದರ್ಶನದಲ್ಲಿ "ಪಿಯುಸಿಯಲ್ಲಿ ಚೆನ್ನಾಗಿದೆ, ಎಸ್‌ಎಸ್‌ಎಲ್‌ಸಿಯಲ್ಲಿ ಏಕೆ ಕಡಿಮೆ?" ಎಂದು ಕೇಳಿದರು. ಆರೋಗ್ಯ ಸರಿ ಇರಲಿಲ್ಲ ಎಂದು ಸುಳ್ಳು ಹೇಳಿದೆ.

ಖಾರ್ಕಿವ್‌ನಿಂದ ಬಂದವನು
ನಾನು ಧಾರವಾಡದವನು, ಉಕ್ರೇನ್‌ನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದೆ. 2022ರ ಮಾರ್ಚ್ 1ರಂದು ದಿನಸಿಗೆ ಹೊರಗೆ ಹೋಗಿದ್ದ ನಮ್ಮ ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ತೀರಿಕೊಂಡ ಊರು ಅದು. ಅದರ ಬಗ್ಗೆ ಬರೆಯಲು ನನ್ನಿಂದ ಇನ್ನೂ ಆಗುವುದಿಲ್ಲ. ಆದರೆ ಪರೀಕ್ಷೆಯ ಚರ್ಚೆ ಬಂದದ್ದರಿಂದ ನಮ್ಮ ಮನೆಯೊಡತಿಯ ಮಗಳ ಬಗ್ಗೆ ಹೇಳುತ್ತೇನೆ.

ಅವಳು ಆಗ ಹನ್ನೊಂದನೆಯ ತರಗತಿ. ಉಕ್ರೇನ್‌ನಲ್ಲಿ ಅದೇ ಹೈಸ್ಕೂಲಿನ ಕೊನೆಯ ವರ್ಷ. ಮೇ ಕೊನೆಯಲ್ಲಿ "ಕೊನೆಯ ಗಂಟೆ" ಎಂಬ ಸಂಭ್ರಮ ಇರುತ್ತದೆ: ಮುಗಿಸಿ ಹೋಗುವ ಹುಡುಗನೊಬ್ಬ ಒಂದನೆಯ ತರಗತಿಯ ಪುಟ್ಟ ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾನೆ, ಅವಳು ಗಂಟೆ ಬಾರಿಸುತ್ತಾಳೆ. ಬೀಳ್ಕೊಡುಗೆಯ ಉಡುಪನ್ನು ಜನವರಿಯಲ್ಲೇ ಕೊಂಡು ಕಪಾಟಿನಲ್ಲಿ ತೂಗುಹಾಕಿದ್ದಳು, ನಮಗೆಲ್ಲ ತೋರಿಸಿದ್ದಳು. ಫೆಬ್ರವರಿ 24ಕ್ಕೆ ದಾಳಿ ಶುರುವಾಯಿತು. ತಾಯಿ, ಮಗಳು ಪೋಲೆಂಡಿಗೆ ಹೋದರು.

ಉಕ್ರೇನ್‌ನಲ್ಲಿ ಪರೀಕ್ಷೆ ಪೂರ್ತಿ ರದ್ದಾಗಲಿಲ್ಲ, ಪೂರ್ತಿ ಹಳೆಯ ಹಾಗೆಯೂ ನಡೆಯಲಿಲ್ಲ. ಶಾಲೆಯ ಅಂತಿಮ ಪರೀಕ್ಷೆಯನ್ನು ಕೈಬಿಟ್ಟರು. ವಿಶ್ವವಿದ್ಯಾಲಯದ ಪ್ರವೇಶಕ್ಕೆ ಉಕ್ರೇನಿ ಭಾಷೆ, ಗಣಿತ, ಉಕ್ರೇನಿನ ಇತಿಹಾಸ ಮೂರನ್ನೂ ಒಂದೇ ದಿನ ಕಂಪ್ಯೂಟರಿನಲ್ಲಿ ಬರೆಯಿಸಿದರು. ನಡುವೆ ಸೈರನ್ ಕೂಗಿದರೆ ಎಲ್ಲರೂ ನೆಲಮಾಳಿಗೆಗೆ ಹೋಗಬೇಕು. ಮುಗಿಸಲಾಗದಿದ್ದವರಿಗೆ ಇನ್ನೊಂದು ದಿನ ಅವಕಾಶ. ದೇಶ ಬಿಟ್ಟು ಹೋದವರಿಗೆ ಹೊರದೇಶಗಳ ನಗರಗಳಲ್ಲಿಯೂ ಕೇಂದ್ರ ತೆರೆದರು. ಅವಳು ಅಲ್ಲಿಯೇ ಬರೆದಳು. ಮೇಷ್ಟರು ಹೇಳುವ "ಗುರಿ"ಯೂ ಇತ್ತು, 2021ರ ತಮ್ಮ ಹೇಳುವ ಕರುಣೆಯೂ ಇತ್ತು. ಮಕ್ಕಳು ಎಲ್ಲಿದ್ದಾರೋ ಪರೀಕ್ಷೆಯೇ ಅಲ್ಲಿಗೆ ಹೋಗಬೇಕು. ಅಷ್ಟು ಮಾಡಿದರೆ ಈ ಜಗಳದಲ್ಲಿ ಅರ್ಧ ಉಳಿಯುವುದಿಲ್ಲ.

ಉಡುಪು ಖಾರ್ಕಿವ್‌ನ ಕಪಾಟಿನಲ್ಲೇ ಇದೆ ಎಂದು ಕಳೆದ ವರ್ಷ ಬರೆದಿದ್ದಳು. ಆ ಊರಿನಲ್ಲಿ 2023ರಿಂದ ಚಿಕ್ಕ ಮಕ್ಕಳು ಮೆಟ್ರೊ ನಿಲ್ದಾಣಗಳ ಒಳಗೆ ಕಟ್ಟಿದ ತರಗತಿಗಳಲ್ಲಿ ಓದುತ್ತಿದ್ದಾರೆ.

ಅಮ್ಮಾನ್ ದಾರಿ
"ಪರೀಕ್ಷೆಯೇ ಅಲ್ಲಿಗೆ ಹೋಗಬೇಕು." 1990ರಲ್ಲಿ ಒಬ್ಬ ಅಧಿಕಾರಿ ಇದನ್ನು ಹೇಳಿದ್ದರೆ ನನ್ನ ಎರಡು ವರ್ಷ ಉಳಿಯುತ್ತಿತ್ತು.

ನೇರ ನುಡಿ
ಗಾಜಾದಲ್ಲಿ ಅಷ್ಟೂ ಸಾಧ್ಯವಾಗಲಿಲ್ಲ. 2024ರಲ್ಲಿ ಅಲ್ಲಿನ ಸುಮಾರು 39,000 ವಿದ್ಯಾರ್ಥಿಗಳಿಗೆ ಹನ್ನೆರಡನೆಯ ತರಗತಿಯ ತೌಜೀಹಿ ಪರೀಕ್ಷೆ ಬರೆಯಲಾಗಲಿಲ್ಲ. ಪರೀಕ್ಷೆ ಬೇಕೇ ಬೇಡವೇ ಎಂದು ವಾದಿಸುವುದಕ್ಕೂ ಮೊದಲು ಒಂದು ಕೋಣೆ, ಒಂದು ಬೆಂಚು ಉಳಿದಿರಬೇಕು.

ಟೋಕಿಯೊ ಕನ್ನಡಿಗ
ಈ ಎಳೆಯನ್ನು ಓದುತ್ತಿದ್ದಾಗ ಎರಡು ವರ್ಷದ ಹಿಂದೆ ಒಕಿನಾವಾದಲ್ಲಿ ನೋಡಿದ ಹಿಮೆಯುರಿ ಶಾಂತಿ ವಸ್ತುಸಂಗ್ರಹಾಲಯ ನೆನಪಾಯಿತು. 1945ರ ಮಾರ್ಚ್ 23ರ ರಾತ್ರಿ ಅಲ್ಲಿನ ಬಾಲಕಿಯರ ಹೈಸ್ಕೂಲು ಮತ್ತು ಶಿಕ್ಷಕಿಯರ ತರಬೇತಿ ಶಾಲೆಯ 222 ವಿದ್ಯಾರ್ಥಿನಿಯರನ್ನು 18 ಶಿಕ್ಷಕರ ಜೊತೆ ಸೇನಾ ಆಸ್ಪತ್ರೆಗೆ ದಾದಿಯರಾಗಿ ಕಳುಹಿಸಿದರು. ಆ ಆಸ್ಪತ್ರೆ ಎಂದರೆ ಬೆಟ್ಟದಲ್ಲಿ ಕೊರೆದ ಗುಹೆಗಳು. ಮಾರ್ಚ್ 29ರ ರಾತ್ರಿ, ಶೆಲ್ಲುಗಳು ಬೀಳುತ್ತಿದ್ದಾಗಲೇ, ಮಂದ ಬೆಳಕಿನಲ್ಲಿ ಅವರಿಗೆ ಪದವಿ ಪ್ರದಾನ ಸಮಾರಂಭ ನಡೆಸಿದರು. ವಿದ್ಯಾರ್ಥಿನಿಯರು, ಶಿಕ್ಷಕರು ಸೇರಿ 240 ಮಂದಿಯಲ್ಲಿ 136 ಮಂದಿ ಯುದ್ಧ ಮುಗಿಯುವಷ್ಟರಲ್ಲಿ ಸತ್ತರು.

ಸಂಗ್ರಹಾಲಯದ ಒಂದು ಕೋಣೆಯ ತುಂಬ ಆ ಹುಡುಗಿಯರ ಭಾವಚಿತ್ರಗಳಿವೆ. ನನ್ನ ಜೊತೆ ಹನ್ನೆರಡು ವರ್ಷದ ಮಗಳಿದ್ದಳು. ಹೊರಗೆ ಬಂದ ಮೇಲೆ ಬಹಳ ಹೊತ್ತು ಕೈ ಬಿಡಲಿಲ್ಲ.

ಬೆಳಗಾವಿ ಮೊಮ್ಮಗಳು
ನಮ್ಮ ಅಜ್ಜ 1942ರಲ್ಲಿ ಧಾರವಾಡದಲ್ಲಿ ಮೆಟ್ರಿಕ್. ಎರಡನೆಯ ಮಹಾಯುದ್ಧ ಒಂದು ಕಡೆ, ಕ್ವಿಟ್ ಇಂಡಿಯಾ ಇನ್ನೊಂದು ಕಡೆ. ಆಗಸ್ಟ್‌ನಲ್ಲಿ ಶಾಲೆ ಬಿಟ್ಟು ಚಳವಳಿಗೆ ಹೋದರು, ಹಿಂಡಲಗಾ ಜೈಲಿಗೂ ಹೋದರು. ಹೊರಗೆ ಬಂದು 1945ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆ ಪಾಸಾದರು. ಸೀಮೆಎಣ್ಣೆಗೆ ಪಡಿತರ ಇದ್ದುದರಿಂದ ಗುಡಿಯ ನಂದಾದೀಪದ ಬಳಿ ಕೂತು ಓದಿದೆ ಎಂದು ಹೇಳುತ್ತಿದ್ದರು. ಬಳಸಿದ ಕಾಗದದ ಹಿಂಬದಿಯಲ್ಲಿ ಬರೆಯುವ ಅಭ್ಯಾಸ ಸಾಯುವವರೆಗೂ ಬಿಡಲಿಲ್ಲ.

ಪಡುಬಿದ್ರಿ ಪೇಟೆ
ಕುವೈತ್‌ನಿಂದ ಬಂದವರಿಗೆ ಆಮೇಲೆ ವಿಶ್ವಸಂಸ್ಥೆಯ ಪರಿಹಾರ ಬಂತಲ್ಲವೇ?

ಅಮ್ಮಾನ್ ದಾರಿ
ಬಂತು, ವರ್ಷಗಟ್ಟಲೆ ಕಾದ ಮೇಲೆ. ದೇಶ ಬಿಟ್ಟು ಬಂದದ್ದಕ್ಕೆ ಒಬ್ಬರಿಗೆ 2,500 ಡಾಲರ್, ಕುಟುಂಬಕ್ಕೆ 5,000. ಬೇರೆ ಯಾವ ವಿಭಾಗದಲ್ಲಿಯೂ ಕೇಳುವುದಿಲ್ಲ ಎಂದು ಬರೆದುಕೊಟ್ಟವರಿಗೆ 4,000 ಮತ್ತು 8,000. ನಮ್ಮ ಮನೆಗೆ ಬಂದ ಹಣ ಅಕ್ಕನ ಮದುವೆಯ ಸಾಲಕ್ಕೆ ಹೋಯಿತು.

@ದೀಪಸ್ತಂಭ, ಒಂದು ಮಾತು ಕೇಳುವುದು ಮರೆತೆ. ಒಂಬತ್ತನೆಯ ತರಗತಿಯ ಫೋಟೋ ಎಂದಿರಿ. ನನ್ನ ತಂಗಿ 1989-90ರಲ್ಲಿ ಒಂಬತ್ತನೆಯ ತರಗತಿ. ಅಮ್ಮ ಆಲ್ಬಮ್ಮುಗಳನ್ನು ಮಾತ್ರ ಬಿಟ್ಟುಬರಲು ಒಪ್ಪಿರಲಿಲ್ಲ, ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ನಿಮ್ಮ ಶಾಲೆಗೆ ನೀಲಿ ಗೇಟು, ಎದುರಿಗೆ ಲಾಂಡ್ರಿ ಇತ್ತೇ?

ಕಾಪು ದೀಪಸ್ತಂಭ
ಇತ್ತು! ಲಾಂಡ್ರಿಯ ಪಕ್ಕದಲ್ಲಿ ಇರಾನಿ ಬೇಕರಿ. ನಿಮ್ಮ ತಂಗಿ ಯಾವ ವಿಭಾಗ?

ಅಮ್ಮಾನ್ ದಾರಿ
ಬಿ.

ಕಾಪು ದೀಪಸ್ತಂಭ
ನಾನು ಡಿ. ಹಾಗಿದ್ದರೆ ಅದರಲ್ಲಿ ನಾನು ಇರುವುದಿಲ್ಲ.

ಆದರೂ ಒಮ್ಮೆ ನೋಡಬಹುದೇ? ಬಿ ವಿಭಾಗದ ಕ್ಲಾಸ್ ಟೀಚರ್ ನಮಗೆ ಇಂಗ್ಲಿಷ್ ಕಲಿಸುತ್ತಿದ್ದರು. ಎತ್ತರದವರು, ಯಾವಾಗಲೂ ಕೈಮಗ್ಗದ ಸೀರೆ. ನನ್ನ ಪ್ರಬಂಧದ ನೋಟ್‌ಬುಕ್ ಅವರ ಬಳಿಯೇ ಉಳಿದಿತ್ತು. ಅವರ ಮುಖ ನೋಡಿದರೂ ಸಾಕು.

ಅಮ್ಮಾನ್ ದಾರಿ
ಖಂಡಿತ. ಆಲ್ಬಮ್ ಮೂಡುಬಿದಿರೆಯಲ್ಲಿ ಅಮ್ಮನ ಬಳಿ ಇದೆ. ಭಾನುವಾರ ಹೋಗುತ್ತೇನೆ, ಸಂಜೆಯೊಳಗೆ ಕಳುಹಿಸುತ್ತೇನೆ. ಎತ್ತರದ ಟೀಚರ್ ಎಡಗಡೆ ನಿಂತಿದ್ದಾರೆ, ಅಷ್ಟು ನನಗೆ ನೆನಪಿದೆ.